ಚಿಕ್ಕಮ್ಮನ ಚಪ್ಪಲಿ ಪಾಕೀಟು

ಯಾರಾದರೂ ಮನೆಗೆ ಬಂದರೆ ಮುಖ ನೋಡುವ ಮೊದಲು ಅವರ ಚಪ್ಪಲಿ ನೋಡುವ ಕೆಟ್ಟ ಅಭ್ಯಾಸ ನನಗಿದೆ. ಇದರಿಂದ ಆದ ಮುಜುಗರ ಒಂದೆರಡಲ್ಲ. ಬಂದವರ ಹೆಸರು ಮರೆತುಹೋಗುತ್ತದೆ, ಅವರ ಚಪ್ಪಲಿಯ ಬಕಲ್ಲು ನೆನಪಿರುತ್ತದೆ. ಒಮ್ಮೆ ನಮ್ಮ ಯಜಮಾನರ ಆಫೀಸಿನ ದೊಡ್ಡ ಸಾಹೇಬರು ಊಟಕ್ಕೆ ಬಂದಾಗ ಬಾಗಿಲಲ್ಲೇ ನಿಂತು ಅವರ ಬೂಟು ನೋಡುತ್ತಾ "ಒಳ್ಳೇ ಚರ್ಮ" ಎಂದುಬಿಟ್ಟೆ. ಪಾಪ, ನಮಸ್ಕಾರಕ್ಕೆ ಜೋಡಿಸಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವರು ಹಾಗೇ ಒಳಗೆ ಬಂದರು. ಯಜಮಾನರು ಆ ಮಾತನ್ನು ಇನ್ನೂ ಎತ್ತಿ ಆಡುತ್ತಾರೆ. ನಾನು ಎಲ್ಲ ಹೊಣೆಯನ್ನೂ ನನ್ನ ವಸಂತಿ ಚಿಕ್ಕಮ್ಮನ ಮೇಲೆ ಹಾಕಿ ಪಾರಾಗುತ್ತೇನೆ. ಚರ್ಮ ನೋಡುವ ಕಣ್ಣು ಅವಳೇ ಕೊಟ್ಟದ್ದು.

ಆಗ ನಾವಿದ್ದದ್ದು ಬಂಬೈ ಹತ್ತಿರದ ಡೊಂಬಿವಲಿಯ ಪೂರ್ವದಲ್ಲಿ, ಒಂದು ಚಾಳಿನ ಮೇಲಿನ ಮಾಳಿಗೆಯಲ್ಲಿ. ಎಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ಠಾಣೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೇಲ್ವಿಚಾರಕರು. ನಾನು ಕಲ್ಯಾಣದ ಕಾಲೇಜಿಗೆ ಹೋಗುತ್ತಿದ್ದೆ, ಅಂದರೆ ಓದುವುದಕ್ಕಿಂತ ಹೆಚ್ಚಾಗಿ ಲೋಕಲ್ ಹಿಡಿಯುತ್ತಿದ್ದೆ. ಚಾಳಿನಲ್ಲಿ ಎಲ್ಲರ ಚಪ್ಪಲಿಗಳೂ ಉದ್ದನೆಯ ವರಾಂಡದಲ್ಲಿ, ಅವರವರ ಬಾಗಿಲ ಹೊರಗೆ. ಯಾರು ಕೆಲಸಕ್ಕೆ ಹೋಗಿದ್ದಾರೆ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮಗ ರಾತ್ರಿ ಮನೆಗೆ ಬಂದಿಲ್ಲ, ಎಲ್ಲವೂ ಆ ಸಾಲಿನಲ್ಲಿ ಬರೆದಿಟ್ಟ ಹಾಗಿರುತ್ತಿತ್ತು. ನಮ್ಮ ಅಮ್ಮ ನೀರು ಹಿಡಿಯಲು ನಳದ ಹತ್ತಿರ ಹೋಗಿ ಬರುವಷ್ಟರಲ್ಲಿ ಇಡೀ ಮಾಳಿಗೆಯ ಸುದ್ದಿ ಓದಿಕೊಂಡು ಬರುತ್ತಿದ್ದಳು.

ನಮ್ಮ ಮನೆಯಲ್ಲಿ ಚಪ್ಪಲಿಗೆ ಸಾವು ಎಂಬುದು ಇರಲಿಲ್ಲ ಎಂದೂ ಹೇಳಬೇಕು. ಹವಾಯಿ ಚಪ್ಪಲಿಯ ಪಟ್ಟಿ ಕಿತ್ತರೆ ಬರಿ ಪಟ್ಟಿ ತಂದು ಹಾಕುವುದು. ಅದೂ ಕಿತ್ತರೆ ತಳದಲ್ಲಿ ಸೇಫ್ಟಿ ಪಿನ್ನು. ಒಂದು ಕಾಲಿಗೆ ನೀಲಿ ಪಟ್ಟಿ, ಇನ್ನೊಂದಕ್ಕೆ ಹಸಿರು ಪಟ್ಟಿ ಹಾಕಿಕೊಂಡು ನಾನು ಶಾಲೆಗೆ ಹೋದದ್ದುಂಟು. ಅದು ಫ್ಯಾಷನ್ ಎಂದು ಗೆಳತಿಯರಿಗೆ ಹೇಳಿ ಇಬ್ಬರನ್ನು ನಂಬಿಸಿಯೂ ಇದ್ದೆ. ತಳ ಸವೆದು ಹಿಮ್ಮಡಿ ನೆಲಕ್ಕೆ ತಾಗಿದ ಮೇಲೆ ಅದನ್ನು ದುಂಡಗೆ ಕತ್ತರಿಸಿ ಮಕ್ಕಳ ಗಾಡಿಗೆ ಚಕ್ರ ಮಾಡುತ್ತಿದ್ದೆವು. ಉಳಿದ ತುಂಡು ಅಲುಗಾಡುವ ಕಪಾಟಿನ ಕಾಲಿನ ಕೆಳಗೆ. ಇಷ್ಟಾದರೂ ಚಪ್ಪಲಿ ಚಪ್ಪಲಿಯೇ. ಅದು ಹೊಸ್ತಿಲು ದಾಟಿ ಒಳಗೆ ಬರಬೇಕಾದರೆ ಗಾಡಿಯ ಚಕ್ರವಾಗಿಯೇ ಬರಬೇಕು. ಅಪ್ಪಿತಪ್ಪಿ ಯಾರಿಗಾದರೂ ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು.

ಇಂಥ ಮನೆಗೆ ದೀಪಾವಳಿ ಕಳೆದ ಮೇಲೆ ವಸಂತಿ ಚಿಕ್ಕಮ್ಮ ಒಂದು ಟ್ರಂಕು ಹಿಡಿದುಕೊಂಡು ಬಂದಳು. ಅಮ್ಮನ ಖಾಸಾ ತಂಗಿ. ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ಮಿಲ್ಲು ನಿಂತುಹೋಗಿತ್ತು, ಅವರು ಬಾಡಿಗೆಯ ಕೋಣೆ ಬಿಟ್ಟು ಊರಿಗೆ, ಉಡುಪಿ ಕಡೆಗೆ ಹೋಗಿದ್ದರು. ಅಲ್ಲಿ ಅವರ ಅಣ್ಣನದು ಒಂದು ಹೋಟೆಲು. ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದಾಗಿ ಹೇಳಿ ಹೋಗಿದ್ದರು. ಟೇಬಲ್ಲು ಒರೆಸುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು. ಹೋಳಿ ಹುಣ್ಣಿಮೆ ಕಳೆದ ಮೇಲೆ ಬಂದು ಚಿಕ್ಕಮ್ಮನನ್ನು ಕರೆದುಕೊಂಡು ಹೋಗುವುದು ಎಂದು ನಿಶ್ಚಯವಾಗಿತ್ತು. ನಿಶ್ಚಯ ಮಾಡಿದವರು ಗಂಡಸರು.

ಚಿಕ್ಕಮ್ಮನಿಗೆ ಹೋಗಲು ಮನಸ್ಸಿರಲಿಲ್ಲ. ಅಕ್ಕತಂಗಿಯರ ಜಗಳ ತುಳುವಿನಲ್ಲಿ ನಡೆಯುತ್ತಿತ್ತು, ರಾಜಿ ಕನ್ನಡದಲ್ಲಿ. ಆದ್ದರಿಂದ ಅವಳು ಒಂದು ದಿನ ಅಕ್ಕಿ ಆರಿಸುತ್ತಾ ಕನ್ನಡದಲ್ಲಿ ಶುರುಮಾಡಿದಾಗಲೇ ಏನೋ ಕೇಳಲಿಕ್ಕಿದೆ ಎಂದು ನನಗೆ ಹೊಳೆಯಿತು.

"ಅಕ್ಕಾ, ಅಲ್ಲಿ ಹೋದ್ರೆ ನಾನು ಒಲೆ ಬುಡದಿಂದ ಏಳ್ಲಿಕ್ಕಿಲ್ಲ. ಇವ್ರೂ ಅಣ್ಣನ ಎದ್ರು ಕೈಕಟ್ಟಿ ನಿಲ್ಲುದು. ಇಲ್ಲಿ ಸಣ್ಣ ಖೋಲಿ ಆದ್ರೂ ಬಾಗಿಲು ನಮ್ದು. ಹೋಳಿವರೆಗೆ ನನ್ನನ್ನು ಇಟ್ಕೋ. ಅಷ್ಟ್ರಲ್ಲಿ ಒಂದು ಖೋಲಿ ಹಿಡಿವಷ್ಟು ಕೆಲ್ಸ ಸಿಕ್ರೆ ಉಳೀತೇನೆ, ಇವ್ರನ್ನೂ ಇಲ್ಲಿಗೇ ಕರೀತೇನೆ. ಸಿಗದಿದ್ರೆ ಬಾಯಿ ಮುಚ್ಚಿ ಊರಿಗೆ ಹೋಗ್ತೇನೆ."

"ಎಂತ ಕೆಲ್ಸ ಮಾಡ್ತಿ ನೀನು?" ಅಮ್ಮ ಕೇಳಿದಳು.

"ಪಾಕೀಟು ಹೊಲೀತೇನೆ."

ಹೊಲಿಗೆ ಅವಳಿಗೆ ಬರುತ್ತಿತ್ತು. ಉಲ್ಹಾಸನಗರದಲ್ಲಿ ಒಂದು ಪುಟ್ಟ ವರ್ಕ್‌ಶಾಪಿನವನು ಹೆಂಗಸರ ಪರ್ಸುಗಳ ಒಳಬಟ್ಟೆ ಹೊಲಿಯಲು ಮನೆಗಳಿಗೆ ಕೊಡುತ್ತಿದ್ದ. ಅಲ್ಲಿಗೆ ಹೋಗಿ ಬಂದು ಮಾಡುತ್ತಾ ಚರ್ಮ ಕತ್ತರಿಸುವುದನ್ನೂ ಕಲಿತಿದ್ದಳು. ಅವನು ಈಗ ಮಿಶಿನ್ ತಂದು ಮನೆಗೆ ಕೆಲಸ ಕೊಡುವುದನ್ನು ಬಿಟ್ಟಿದ್ದ. ಕಸುಬು ಕೈಯಲ್ಲಿತ್ತು, ಚರ್ಮ ಇರಲಿಲ್ಲ.

ಚರ್ಮ ಸಿಕ್ಕಿದ್ದು ಶಾಂತವ್ವನಿಂದ. ಆಕೆ ವಿಜಾಪುರ ಕಡೆಯವಳು. ಕಲ್ಯಾಣದಲ್ಲಿ ಮೂಟೆ ಹೊರುವ ಕೆಲಸ. ರಜೆಯ ದಿನ ಗಲ್ಲಿ ಗಲ್ಲಿ ತಿರುಗಿ ಜನ ಎಸೆದ ಚಪ್ಪಲಿ, ಬೂಟು ಒಟ್ಟುಹಾಕಿ ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ರಬ್ಬರು ಮಾರುತ್ತಿದ್ದಳು. ಭಂಗಾರದವನಿಗೆ ಚರ್ಮ ಬೇಡ. ಚಿಕ್ಕಮ್ಮನಿಗೆ ರಬ್ಬರು ಬೇಡ. ಸ್ಟೇಷನ್ನಿನ ಸೇತುವೆಯ ಕೆಳಗೆ ಇಬ್ಬರೂ ಕನ್ನಡದಲ್ಲಿ ಮಾತಿಗೆ ಸಿಕ್ಕಿದರು. ಒಬ್ಬಳ ಕನ್ನಡ ಇನ್ನೊಬ್ಬಳಿಗೆ ಅರ್ಧ ತಿಳಿಯುತ್ತಿರಲಿಲ್ಲ, ಉಳಿದರ್ಧ ಬಂಬೈ ಹಿಂದಿಯಲ್ಲಿ ತುಂಬಿಕೊಂಡರು. ಚರ್ಮ ಬಿಡಿಸಿಕೊಡುವ ಕೆಲಸ ಚಿಕ್ಕಮ್ಮನದು, ರಬ್ಬರು ಶಾಂತವ್ವನಿಗೆ ಎಂದು ಒಪ್ಪಂದವಾಯಿತು.

ಶಾಂತವ್ವ ಗೋಣಿಚೀಲ ತಂದು ಮೆಟ್ಟಿಲ ಬುಡದಲ್ಲಿ ಇಳಿಸುತ್ತಿದ್ದಳು. "ತಗೋರಿ ಯಕ್ಕಾ, ಈ ವಾರ ಕೊಲ್ಹಾಪುರಿ ಭಾಳ ಅದಾವು. ತಳಾ ಸವದೈತಿ, ಮ್ಯಾಲಿಂದು ಹೂವಿನಂಗ ಐತಿ ನೋಡ್ರಿ."

"ದೇವಸ್ಥಾನದ ಎದ್ರಿನದ್ದು ಉಂಟಾ ಇದ್ರಲ್ಲಿ?"

"ಛೀ, ಮಂದಿ ಬಿಟ್ಟ ಶನಿ ತಂದು ನಿಮಗ ಕೊಡತೀನೇನ್ರಿ? ನನಗ ಮಕ್ಕಳಿಲ್ಲೇನು?"

ಶನಿವಾರ ಮಾರುತಿ ಗುಡಿಯ ಮುಂದೆ ಹಳೆಯ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ತಿರುಗಿ ನೋಡದೆ ಬಂದರೆ ಶನಿ ಕಾಲು ಬಿಡುತ್ತಾನೆ ಎಂಬ ನಂಬಿಕೆ ಆಗ ಜೋರಾಗಿತ್ತು. ಅಲ್ಲಿ ಒಳ್ಳೊಳ್ಳೆಯ ಜೋಡಿಗಳೇ ಬಿದ್ದಿರುತ್ತಿದ್ದವು. ಆದರೆ ಅವನ್ನು ಇಬ್ಬರೂ ಮುಟ್ಟುತ್ತಿರಲಿಲ್ಲ.

ಚಪ್ಪಲಿ ತೊಳೆಯಲು ಅಮ್ಮ ತಾರಸಿಯ ಮೂಲೆಯೊಂದನ್ನು ಮಾತ್ರ ಒಪ್ಪಿದಳು. ತೊಳೆದ ಮೇಲೆ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಬಾರದೆಂಬ ಷರತ್ತು ಬೇರೆ. ಚಳಿಗಾಲದಲ್ಲಿ ಚಿಕ್ಕಮ್ಮ ದಿನಕ್ಕೆರಡು ಸಲ ತಣ್ಣೀರು ಹೊಯ್ದುಕೊಂಡು ಸೀನುತ್ತಿದ್ದಳು. ಸೋಡಾ ನೀರಿನಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ಉಜ್ಜಿ, ನೆರಳಲ್ಲಿ ಒಣಗಿಸಿ, ಕೊಬ್ಬರಿ ಎಣ್ಣೆ ತಿಕ್ಕಿ, ವಾಸನೆಗೆ ಕರ್ಪೂರದ ಜೊತೆ ಡಬ್ಬಿಯಲ್ಲಿ ಮುಚ್ಚಿಡುವುದು. ಬೂಟಿನ ನಾಲಿಗೆಯಿಂದ ಕೀಲಿಕೈ ಗೊಂಚಲಿನ ಪಟ್ಟಿ, ಸ್ಯಾಂಡಲ್ಲಿನ ಬಕಲ್ಲಿನಿಂದ ಬೀಗದಂಥ ಕೊಂಡಿ, ಬೂಟಿನ ಲಾಡಿಯಿಂದ ಪಾಕೀಟಿನ ದಾರ. ಪಾಕೀಟಿನ ಮೈಗೆ ಮಾತ್ರ ಕೊಲ್ಹಾಪುರಿಯೇ ಆಗಬೇಕು. ಅದರ ಮೇಲಿನ ಪದರ, ಪಾದ ಊರುವ ಭಾಗ, ವರ್ಷಗಟ್ಟಲೆ ಬೆವರು ಕುಡಿದು ಮೆತ್ತಗಾಗಿರುತ್ತದೆ, ಸೂಜಿ ಮಾತು ಕೇಳುತ್ತದೆ. ಬೆರಳುಗಳ ಕಪ್ಪು ಗುರುತು ಮಾತ್ರ ಎಷ್ಟು ತೊಳೆದರೂ ಹೋಗುವುದಿಲ್ಲ. ಅದಕ್ಕೆ ಚಿಕ್ಕಮ್ಮ ಆ ಬದಿಯನ್ನು ಒಳಗೆ ತಿರುಗಿಸಿ, ಮೇಲೆ ಹಳೆಯ ರವಿಕೆಯ ರೇಷ್ಮೆಬಟ್ಟೆ ಹೊಲಿದು ಮುಚ್ಚುತ್ತಿದ್ದಳು. ಹೊರಬದಿಗೆ ಪಾಲಿಶ್ ಹಾಕಿ ಉಜ್ಜಿದರೆ ಅಂಗಡಿಯ ಗಾಜಿನೊಳಗೆ ಇಡಬಹುದಾದಂಥ ಪಾಕೀಟು.

ನಾನು ಸಹಾಯ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಒಮ್ಮೆ ಸೂಜಿ ಹಿಡಿದು ಪಾಕೀಟನ್ನು ನನ್ನ ಲಂಗಕ್ಕೇ ಸೇರಿಸಿ ಹೊಲಿದುಕೊಂಡ ಮೇಲೆ ಚಿಕ್ಕಮ್ಮ ನನ್ನನ್ನು ಕೆಲಸದಿಂದ ವಜಾ ಮಾಡಿದಳು.

ಆಮೇಲೆ ಬಂದದ್ದು ಸಂಕ್ರಾಂತಿ. ಆ ಕಡೆ ಸಂಕ್ರಾಂತಿಗೆ ಮುತ್ತೈದೆಯರು ಒಬ್ಬರನ್ನೊಬ್ಬರು ಅರಿಶಿನ ಕುಂಕುಮಕ್ಕೆ ಕರೆದು, ಎಳ್ಳುಂಡೆಯ ಜೊತೆ ಮನೆಗೆ ಉಪಯೋಗವಾಗುವ ಒಂದು ಸಣ್ಣ ವಸ್ತು ಕೊಡುತ್ತಾರೆ. ಅದಕ್ಕೆ ವಾಣ ಎನ್ನುತ್ತಾರೆ. ಮರಾಠಿ ನೆರೆಯವರನ್ನು ನೋಡಿ ಕನ್ನಡದವರೂ ಕಲಿತುಕೊಂಡಿದ್ದೆವು. ಒಂದು ವರ್ಷ ಮಾಳಿಗೆಯವರೆಲ್ಲ ಮಾತಾಡಿಕೊಂಡಂತೆ ಚಹಾ ಸೋಸುವ ಜಾಲರಿಯನ್ನೇ ಕೊಟ್ಟರು. ಆ ಜಾಲರಿಗಳು ನನ್ನ ಮದುವೆಯಾಗುವವರೆಗೂ ಮುಗಿಯಲಿಲ್ಲ, ಎರಡು ನನ್ನ ಜೊತೆಯೇ ಬಂದವು.

ಚಿಕ್ಕಮ್ಮ ತಾನು ಹೊಲಿದ ಪಾಕೀಟುಗಳನ್ನೇ ವಾಣವಾಗಿ ಕೊಟ್ಟಳು. ಹೆಂಗಸರು ಬಳಸಿ ನೋಡಿದರೆ ನಾಲ್ಕು ಕಡೆ ಹೇಳುತ್ತಾರೆ, ಹೋಳಿಯೊಳಗೆ ಗಿರಾಕಿ ಸಿಗುತ್ತದೆ ಎಂಬುದು ಅವಳ ಲೆಕ್ಕಾಚಾರ. ಅದು ಸರಿಯೇ ಇತ್ತು. ಹೆಂಗಸರು ತಿರುಗಿಸಿ ತಿರುಗಿಸಿ ನೋಡಿ ಹೊಗಳಿದರು, ಸೆರಗಿಗೆ ಸಿಕ್ಕಿಸಿಕೊಂಡರು. ಪಕ್ಕದ ಕಟ್ಟಡದಿಂದಲೂ ಕೇಳಿಕೊಂಡು ಬಂದರು. ಯಾವುದರಿಂದ ಮಾಡಿದ್ದು ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಚಿಕ್ಕಮ್ಮ ಕಲ್ಯಾಣಕ್ಕೆ ಹೋಗಿ ಶಾಂತವ್ವನ ವಸ್ತಿಯ ಹತ್ತಿರ ಒಂದು ಖೋಲಿಯನ್ನೂ ನೋಡಿ ಬಂದಳು. ಕಿಟಕಿ ಯಾವ ದಿಕ್ಕಿಗಿದೆ ಎಂದು ನನಗೆ ಎಷ್ಟು ಸಲ ಹೇಳಿದಳೋ.

ನಮ್ಮ ಎದುರು ಬಾಗಿಲಿನಲ್ಲಿ ಬೆಳಗಾವಿ ಅಜ್ಜಿ ಇದ್ದರು. ಮರಾಠಿಯವರು, ತವರು ಬೆಳಗಾವಿ, ಆದ್ದರಿಂದ ನಮ್ಮೊಡನೆ ಅವರದೇ ಒಂದು ಕನ್ನಡ ಆಡುತ್ತಿದ್ದರು. ಮಡಿ ಎಂದರೆ ಅವರದು. ನಳದ ನೀರನ್ನೂ ತೊಳೆದು ಕುಡಿಯುವವರು ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಅವರು ಚಿಕ್ಕಮ್ಮ ಕೊಟ್ಟ ಪಾಕೀಟನ್ನು ದೇವರ ಗೂಡಿನ ಮೊಳೆಗೆ ತೂಗುಹಾಕಿ ಹೂಬತ್ತಿ, ಕರ್ಪೂರ ಇಟ್ಟುಕೊಂಡಿದ್ದರು. ಬತ್ತಿಯ ತುಪ್ಪ ಹತ್ತಿ ಒಳಬಟ್ಟೆ ಜಿಡ್ಡಾಯಿತು. ಬಿಚ್ಚಿ ಒಗೆಯೋಣವೆಂದು ಅಜ್ಜಿ ಒಂದು ಬದಿಯ ಹೊಲಿಗೆ ಬಿಡಿಸಿದರು. ರೇಷ್ಮೆಯ ಕೆಳಗೆ ಒಂದು ಹೆಬ್ಬೆರಳು, ಅದರ ಪಕ್ಕದಲ್ಲಿ ನಾಲ್ಕು ಬೆರಳು.

"ಅಗ ಬಾಯಿ!" ಎಂದು ಅವರು ಕೂಗಿದ್ದು ಕೆಳಗಿನ ಹಿಟ್ಟಿನ ಗಿರಣಿಗೂ ಕೇಳಿಸಿತು.

ಎಲ್ಲರಿಗಿಂತ ಜೋರಾಗಿ ಹಾರಾಡಿದವನು ಅಜ್ಜಿಯ ಮಗ. ಆತ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಮಟ್ಕಾ ಆಡಿ ಕಳೆಯುವವನು, ಆದರೆ ಜನಿವಾರ ಮಾತ್ರ ಯಾವಾಗಲೂ ಬೆಳ್ಳಗಿರುತ್ತಿತ್ತು. "ದೇವರ ಮುಂದೆ ಚಪ್ಪಲಿ ತೂಗುಹಾಕಿಸಿದರು! ಚಪ್ಪಲಿ ಮುಟ್ಟಿದ ಕೈಯಿಂದ ನೈವೇದ್ಯ ತಿಂದೆವು!" ಎಂದು ಮರಾಠಿಯಲ್ಲಿ ವರಾಂಡದ ಈ ತುದಿಯಿಂದ ಆ ತುದಿಗೆ ನಡೆದ. ಸಂಜೆಯೊಳಗೆ ಪಾಕೀಟುಗಳೆಲ್ಲ ವಾಪಸು ಬಂದವು. ಯಾರೂ ಕೈಗೆ ಕೊಡಲಿಲ್ಲ, ಬಾಗಿಲು ತಟ್ಟಲೂ ಇಲ್ಲ. ನಮ್ಮ ಬಾಗಿಲ ಹೊರಗೆ, ನಮ್ಮ ಚಪ್ಪಲಿಗಳ ಸಾಲಿನಲ್ಲಿ ಒಂದೊಂದಾಗಿ ಇಟ್ಟು ಹೋದರು.

ನನಗೆ ಅವಮಾನವೂ ಆಯಿತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅಮ್ಮ ಬಾಗಿಲು ಹಾಕಿ ತುಳುವಿನಲ್ಲಿ ಶುರುಮಾಡಿದವಳು ಬಹಳ ಹೊತ್ತು ನಿಲ್ಲಿಸಲಿಲ್ಲ. ಕೊನೆಗೆ ಕನ್ನಡದಲ್ಲಿ "ನೀನು ಊರಿಗೆ ಹೋಗುದೇ ಒಳ್ಳೇದು ವಸಂತಿ" ಎಂದಳು. ಚಿಕ್ಕಮ್ಮ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅತ್ತು ಮುಗಿಸಿ, ಪಾಕೀಟುಗಳನ್ನು ತರಲು ಬಾಗಿಲು ತೆರೆದಳು.

ಅಜ್ಜಿಯ ಪಾಕೀಟು ಅಲ್ಲಿರಲಿಲ್ಲ. ಅದು ಎದುರುಗಡೆ, ಅವರದೇ ಬಾಗಿಲ ಮುಂದೆ, ಗಲಾಟೆಯಲ್ಲಿ ಬಿಸಾಡಿದ ಕಡೆಯಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಂಡು ಬರುವಷ್ಟು ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಮರುದಿನವೂ ಬಿದ್ದಿತ್ತು. ಅದರ ಮರುದಿನವೂ. ಕಸ ಗುಡಿಸುವವಳು ಕೂಡ ಅದರ ಸುತ್ತಲೂ ಗುಡಿಸಿ ಹೋದಳು.

ಆಮೇಲೆ ಒಂದು ಮಧ್ಯಾಹ್ನ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದಾಗ ಅಜ್ಜಿ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಅದೇ ಪಾಕೀಟು. ಅಮ್ಮ ಎದ್ದು ನಿಂತಳು. ಅಜ್ಜಿ ಅವಳತ್ತ ನೋಡದೆ ಚಿಕ್ಕಮ್ಮನ ಮುಂದೆ ಕುಳಿತರು.

"ಗುಡಿ ಮುಂದಿಂದು ಅಲ್ಲಲಾ ಇದು?"

"ಅಲ್ಲ ಅಜ್ಜಿ. ದೇವ್ರಾಣೆ ಅಲ್ಲ."

"ಮತ್ತ ಕೇಳ. ಇದರೊಳಗ ನನ್ನ ಒಂದು ನೋಟ ಇತ್ತು. ಬತ್ತಿ ಕೆಳಗ ಮೂಲ್ಯಾಗ ಮಡಚಿ ತುರುಕಿದ್ದೆ, ಗಲಾಟ್ಯಾಗ ಮರತೇ ಬಿಟ್ಟೆ. ನಮ್ಮ ಚಿರಂಜೀವ ಮಗಗ ಗೊತ್ತಿತ್ತು. ನಾ ಅಕ್ಕಿ ಡಬ್ಬ್ಯಾಗ ಇಟ್ಟರ ಬಿಡೂದಿಲ್ಲ, ಹಾಸಿಗಿ ಕೆಳಗ ಇಟ್ಟರ ಬಿಡೂದಿಲ್ಲ, ದೇವರ ಹಿಂದ ಇಟ್ಟರ ಆ ದೇವರನ್ನೂ ಸರಿಸಿ ತಗೋತಾನ. ಇಷ್ಟು ದಿನಾ ಇದು ಬಾಗಲಾಗ ಬಿದ್ದಿತ್ತು. ದಾಟಿ ದಾಟಿ ಹೋದ. ಬಗ್ಗಿ ನೋಡಿದ. ಮುಟ್ಟಲಿಲ್ಲ ಗ! ಊರಿಗೆಲ್ಲಾ ಬೊಬ್ಬಿ ಹೊಡದಾನಲ್ಲಾ, ಈಗ ಚಪ್ಪಲಿ ಹೆಂಗ ಮುಟ್ಟತಾನ?"

ಅಜ್ಜಿ ಪಾಕೀಟು ಬಿಚ್ಚಿ ನೋಟು ತೋರಿಸಿದರು. ಹಪ್ಪಳ ಒತ್ತಿ ಉಳಿಸಿದ ದುಡ್ಡು ಅದು. ತೋರಿಸುವಾಗ ಅವರ ಮುಖದಲ್ಲಿದ್ದ ಸಂತೋಷ ಚಿಕ್ಕ ಮಕ್ಕಳದು.

"ನನಗ ಇದಕ್ಕಿಂತ ದೊಡ್ಡದೊಂದು ಹೊಲದು ಕೊಡು. ಬಟ್ಟಿ ಹಾಕಬ್ಯಾಡ. ಈ ಬೆರಳು ಅದಾವಲ್ಲ, ಇವು ಹೊರಗ ಕಾಣಬೇಕು. ಚಂದಂಗ ಕಾಣಬೇಕು."

"ನಿಮ್ಮ ಮಡಿ, ಅಜ್ಜಿ?" ಅಮ್ಮ ಕೇಳಿಯೇಬಿಟ್ಟಳು.

"ಸ್ನಾನ ಮಾಡತೀನಿ," ಎಂದರು ಅಜ್ಜಿ. "ನೀರಿಗೇನು ಬರಗಾಲನ?"

ನಿಜ ಹೇಳಬೇಕೆಂದರೆ ಡೊಂಬಿವಲಿಯಲ್ಲಿ ನೀರಿಗೆ ಬರಗಾಲವೇ ಇತ್ತು.

ಅಜ್ಜಿ ಯಾರಿಗೂ ಹೇಳಬೇಡ ಎಂದು ನಮಗೆ ಹೇಳಿ ತಾವೇ ಎಲ್ಲರಿಗೂ ಹೇಳಿದರು. ನಮ್ಮ ಮಾಳಿಗೆಯಲ್ಲಿ ಅಂಥ ಮಗ ಒಬ್ಬನೇ ಇದ್ದನೆಂದುಕೊಳ್ಳಬೇಡಿ. ಕುಡಿಯುವ ಗಂಡನಿದ್ದ, ಲೆಕ್ಕ ಕೇಳುವ ಅತ್ತೆಯಿದ್ದಳು, ಸಿನೆಮಾ ಹುಚ್ಚಿನ ಮೈದುನನಿದ್ದ. ಅವರೆಲ್ಲ ಆ ದಿನ ವರಾಂಡದಲ್ಲಿ ನಿಂತು ಛೀ ಥೂ ಎಂದವರೇ. ಹೆಂಗಸರು ಒಬ್ಬೊಬ್ಬರಾಗಿ, ನೀರು ಬಿಡುವ ಹೊತ್ತು ತಪ್ಪಿಸಿಕೊಂಡು ನಮ್ಮಲ್ಲಿಗೆ ಬಂದರು. ವಾಪಸು ಕೊಟ್ಟಿದ್ದ ಪಾಕೀಟನ್ನೇ ಗುರುತಿಸಿ ತೆಗೆದುಕೊಂಡವರುಂಟು. ಒಬ್ಬಾಕೆಯಂತೂ ಹೊಸ ಚರ್ಮದ್ದಾದರೆ ಬೇಡ, ಖಾತ್ರಿ ಚಪ್ಪಲಿಯದೇ ಆಗಬೇಕು ಎಂದು ಹಟ ಹಿಡಿದಳು. ಪಕ್ಕದ ಕಟ್ಟಡ, ಅದರಾಚೆಯ ಕಟ್ಟಡ, ಠಾಣೆಯಲ್ಲಿದ್ದ ಯಾರದೋ ನಾದಿನಿ. ಬೆರಳಿನ ಗುರುತು ಮೂಡಿದ ಭಾಗ ಒಂದು ಚಪ್ಪಲಿಗೆ ಒಂದೇ ಸಿಗುವುದು. ಶಾಂತವ್ವ ತಂದ ಗೋಣಿಚೀಲಗಳು ಸಾಲದಾದವು. ಅಮ್ಮ ಸುಮ್ಮನೆ ತಾರಸಿಗೆ ಇನ್ನೊಂದು ಬಕೆಟ್ಟು ಕೊಟ್ಟಳು. ಅವಳ ಕಡೆಯಿಂದ ಅದೇ ರಾಜಿ.

ಕಲ್ಯಾಣದ ಖೋಲಿಯವನಿಗೆ ಚಿಕ್ಕಮ್ಮ ಹೂಂ ಎಂದು ಹೇಳಿ ಬಂದ ವಾರವೇ ಹೋಳಿ. ಬಣ್ಣ ಇನ್ನೂ ಮೆಟ್ಟಿಲ ಮೇಲೆ ಒಣಗುತ್ತಿದ್ದಾಗ ಚಿಕ್ಕಪ್ಪ ಬಂದಿಳಿದರು. ಸೊರಗಿದ್ದರು. ಬರುವಾಗಲೇ ವಾಪಸಿನ ಬಸ್ಸಿಗೆ ಎರಡು ಟಿಕೆಟು ಮಾಡಿಸಿಕೊಂಡು ಬಂದಿದ್ದರು, ಅದೇ ದಿನ ಸಂಜೆ ಠಾಣೆಯಿಂದ. ಅಣ್ಣ ಒಂದು ದಿನಕ್ಕಿಂತ ಹೆಚ್ಚು ರಜೆ ಕೊಟ್ಟಿರಲಿಲ್ಲವಂತೆ. ಸ್ವಂತ ಅಣ್ಣ ರಜೆ ಕೊಡುವುದು ಎಂದರೇನು ಎಂದು ನನಗೆ ಆಗ ತಿಳಿಯಲಿಲ್ಲ.

ಚಿಕ್ಕಮ್ಮ ಎಲ್ಲವನ್ನೂ ಹೇಳಿದಳು. ಖೋಲಿ, ಪಾಕೀಟು, ಅಜ್ಜಿ, ಶಾಂತವ್ವ. ಚಿಕ್ಕಪ್ಪ ಕಾಫಿ ಕುಡಿಯುತ್ತಾ ಕೇಳಿ, "ಚಪ್ಪಲಿ ಹೊಲ್ದು ಬದುಕುದಾ ನಾವು? ಊರಲ್ಲಿ ಯಾರಿಗಾದ್ರೂ ಗೊತ್ತಾದ್ರೆ ಎಂತ ಹೇಳಿಯಾರು? ಟ್ರಂಕು ಕಟ್ಟು" ಎಂದರು. ಅವಳು ಗಂಡನಿಗೆ ಇಷ್ಟವೆಂದು ಕೊತ್ತಂಬರಿ ಹುರಿದು ಹುಳಿ ಮಾಡಿ ಬಡಿಸಿದಳು. ಪ್ರಯಾಣದ ಆಯಾಸ, ಮೇಲೆ ಹೊಟ್ಟೆ ತುಂಬ ಊಟ. ಚಿಕ್ಕಪ್ಪ ಗೋಡೆಗೆ ತಿರುಗಿ ನಿದ್ದೆ ಹೋದರು. ಚಿಕ್ಕಮ್ಮ ತಾರಸಿಗೆ ಹೋದಳು. ಟ್ರಂಕು ಹಾಗೇ ಇತ್ತು.

ಚಿಕ್ಕಪ್ಪ ಎದ್ದು, ಮುಖ ತೊಳೆದು, ಅಂಗಿ ಹಾಕಿಕೊಂಡು ಹೊರಗೆ ಹೋದವರು ಹಾಗೇ ನಿಂತರು. ಅವರ ಚಪ್ಪಲಿ ಇರಲಿಲ್ಲ. ನಮ್ಮೆಲ್ಲರದೂ ಇತ್ತು, ಅವರದೊಂದೇ ಇಲ್ಲ. ಅಪ್ಪ ವರಾಂಡದಲ್ಲಿ ನಿಂತು ಇಡೀ ಚಾಳಿಗೆ ಬೈಯಲು ಶುರುಮಾಡಿದರು, ಅದೂ ಮೂರು ಭಾಷೆಗಳಲ್ಲಿ. ಬಾಗಿಲುಗಳು ತೆರೆದವು, ಅಜ್ಜಿಯೂ ಬಂದು ನಿಂತರು.

ಆಗ ತಾರಸಿಯ ಮೆಟ್ಟಿಲಿನಿಂದ ಚಿಕ್ಕಮ್ಮ ಇಳಿದು ಬಂದಳು. ಕೈ ಒದ್ದೆಯಾಗಿತ್ತು. ಕೈಯಲ್ಲಿ ಚರ್ಮದ ಎರಡು ತುಂಡು, ಅವುಗಳಿಂದ ಇನ್ನೂ ನೀರು ಇಳಿಯುತ್ತಿತ್ತು.

"ಬಾವಾ, ಯಾರಿಗೂ ಬೈಬೇಡಿ. ನಾನು ಕತ್ತರಿಸಿದ್ದು."

"ನನ್ನ ಚಪ್ಪಲಿಯಾ? ಮಾರಾಯ್ತಿ, ಬಸ್ಸಿಗೆ ಹೊತ್ತಾಯ್ತು! ನಾನು ಹೋಗುದು ಹೇಗೆ?"

"ಇವತ್ತು ಹೋಗ್ಲಿಕ್ಕಿಲ್ಲ. ನಾಳೆ ಉಲ್ಹಾಸನಗರದಿಂದ ಹೊಸತು ತಂದುಕೊಡ್ತೇನೆ, ನನ್ನ ದುಡ್ಡಲ್ಲಿ. ಅದನ್ನು ಹಾಕ್ಕೊಂಡು ನಿಮ್ಗೆ ಅಣ್ಣನ ಹೋಟ್ಲಿಗೇ ಹೋಗ್ಬೇಕಂತ ಕಂಡ್ರೆ ಹೋಗಿ. ನಾನು ಬರುದಿಲ್ಲ."

ಇಡೀ ಮಾಳಿಗೆ ಕೇಳುವಂತೆ ಹೇಳಿದಳು. ಅಲ್ಲಿಯವರೆಗೆ ಅವಳು ಗಂಡನಿಗೆ ಬರುವುದಿಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ. ಕಣ್ಣು ಕೆಳಗಿಳಿಸಲಿಲ್ಲ. ಚಿಕ್ಕಪ್ಪ ಬರಿಗಾಲಲ್ಲಿ ನಿಂತೇ ಇದ್ದರು. ಆಮೇಲೆ ಹೊಸ್ತಿಲ ಮೇಲೆ ಕುಳಿತು, ಜೇಬಿನಿಂದ ಟಿಕೆಟು ತೆಗೆದು ಅಪ್ಪನ ಕಡೆ ಚಾಚಿದರು.

"ಅಣ್ಣಾ, ಇದು ಠಾಣೆಯಲ್ಲಿ ಕ್ಯಾನ್ಸಲ್ ಮಾಡ್ತಾರಾ?"

"ಮಾಡ್ತಾರೆ. ಒಂದಾ?"

ಚಿಕ್ಕಪ್ಪ ಚಿಕ್ಕಮ್ಮನನ್ನು ನೋಡಿದರು. ಅವಳ ಕೈಯಲ್ಲಿದ್ದ ತುಂಡುಗಳನ್ನೂ ನೋಡಿದರು.

"ಎರಡೂ," ಎಂದರು.